ಬ್ಯಾಕ್ಟೀರಿಯಾಗಳ ಬದುಕು

ಬ್ಯಾಕ್ಟೀರಿಯಾ ಎಂದೊಡನೆ ವಿದ್ಯಾರ್ಥಿಗಳ ಬಾಯಿಂದ ಹೊರಡುವ ಮೊದಲ ಮಾತು ‘ರೋಗ’. ಆದ್ದರಿಂದಲೇ ನಾನು ಈ ಪಾಠವನ್ನು ಯಾವಾಗಲೂ ಮೊಸರಿನ ಗಡಿಗೆಯಿಂದ ಆರಂಭಿಸುತ್ತಿದ್ದೆ.

ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬೆರೆಸಿ ಹೆಪ್ಪು ಹಾಕುತ್ತೇವೆ. ಅದರಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಡುತ್ತವೆ. ಆಮ್ಲದಿಂದ ಹಾಲು ಗಟ್ಟಿಯಾಗುತ್ತದೆ. ಒಂದು ಚಮಚದಲ್ಲಿದ್ದವು ಬೆಳಗಾಗುವಷ್ಟರಲ್ಲಿ ಗಡಿಗೆಯನ್ನೆಲ್ಲ ವ್ಯಾಪಿಸುವುದು ಹೇಗೆ? ಒಂದು ಕೋಶವು ಬೆಳೆದು, ತನ್ನ ಅನುವಂಶಿಕ ದ್ರವ್ಯವನ್ನು ಇಮ್ಮಡಿಸಿಕೊಂಡು, ನಡುವೆ ಗೋಡೆ ಕಟ್ಟಿಕೊಂಡು ಎರಡಾಗುತ್ತದೆ. ಇದೇ ದ್ವಿವಿದಳನ. ನಮ್ಮ ಕರುಳಿನಲ್ಲಿರುವ ಇ. ಕೊಲೈ ಎಂಬುದು ಅನುಕೂಲ ಪರಿಸ್ಥಿತಿಯಲ್ಲಿ 20 ನಿಮಿಷಗಳಿಗೊಮ್ಮೆ ಎರಡಾಗಬಲ್ಲದು. ಈ ಲೆಕ್ಕದಂತೆ ಒಂದೇ ಜೀವಿ 8 ತಾಸುಗಳಲ್ಲಿ 1,67,77,216 ಆಗುತ್ತದೆ! ಆಹಾರ ತೀರಿದಾಗ, ತಮ್ಮದೇ ಕಲ್ಮಷ ಹೆಚ್ಚಿದಾಗ ಈ ಓಟ ನಿಲ್ಲುತ್ತದೆ. ಇಲ್ಲವಾದರೆ ಭೂಮಿಯ ಮೇಲೆ ನಮಗೆ ಸ್ಥಳವೇ ಇರುತ್ತಿರಲಿಲ್ಲ.

ಆಕಾರದಿಂದ ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಸುರುಳಿಯಂಥವು ಒಂದು ಬಗೆ. ಇಲಿಜ್ವರದ ಜೀವಿ ಈ ಗುಂಪಿನದು. ಕಾಲರಾದ ಜೀವಿ ಅಲ್ಪವಿರಾಮ ಚಿಹ್ನೆಯಂತೆ ಬಾಗಿರುತ್ತದೆ. ದಂಡದಂಥವುಗಳಲ್ಲಿ ವಿಷಮಜ್ವರ, ಕ್ಷಯಗಳ ಜೀವಿಗಳಿರುವಂತೆ ರೈತನ ಗೆಳೆಯರೂ ಇದ್ದಾರೆ. ಗಡಹಿಂಗ್ಲಜದ ಕಡೆಯ ಹೊಲದಲ್ಲಿ ಒಂದು ಶೇಂಗಾ ಗಿಡವನ್ನು ಕಿತ್ತು ನೋಡಿರಿ. ಬೇರಿನ ಮೇಲಿನ ಸಣ್ಣ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿ ಒದಗಿಸುತ್ತವೆ. ಪ್ರತಿಯಾಗಿ ಗಿಡದಿಂದ ಸಕ್ಕರೆ ಪಡೆಯುತ್ತವೆ.

ಇನ್ನು ಗುಂಡನೆಯವು. ನಮ್ಮ ಕೊಲ್ಲಾಪುರ ಜಿಲ್ಲೆಯವರು ಇವುಗಳಲ್ಲಿ ಲ್ಯೂಕೊನೊಸ್ಟಾಕ್ ಎಂಬುದನ್ನು ಅರಿತಿರಬೇಕು. ಕಡಿದ ಕಬ್ಬು ಗಾಡಿಯಲ್ಲಿ ಕಾಯುತ್ತ ನಿಂತಾಗ, ಇದು ಕಡಿದ ತುದಿಯಿಂದ ಒಳಹೊಕ್ಕು ಸಕ್ಕರೆಯನ್ನು ತಿಂದು ಲೋಳೆಯಂಥ ಡೆಕ್ಸ್ಟ್ರಾನನ್ನು ಉಂಟುಮಾಡುತ್ತದೆ. ಬಿಸಿಲಿಗೆ ತೂಕ ಇಳಿಯುವುದು ರೈತನಿಗೆ ಗೊತ್ತು. ಸಕ್ಕರೆ ಇಳಿಯುವುದರಲ್ಲಿ ಈ ಕಾಣದ ಕೈಯೂ ಇದೆ ಎಂಬುದನ್ನು ಅವನಿಗೆ ಯಾರೂ ಹೇಳುವುದಿಲ್ಲ.

ಕೆಲವಕ್ಕೆ ಆಮ್ಲಜನಕ ಬೇಕು, ಕೆಲವಕ್ಕೆ ಅದೇ ವಿಷ. ಧನುರ್ವಾಯುವಿನ ದಂಡಾಣು ಎರಡನೆಯ ಜಾತಿಯದು. ಅದು ಗಟ್ಟಿ ಕವಚದ ಬೀಜಾಣುವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ, ಆಳವಾದ ಗಾಯ ಸಿಕ್ಕಾಗ ಏಳುತ್ತದೆ.

2012ರಲ್ಲಿ ಇಚಲಕರಂಜಿಯಲ್ಲಿ ಹಬ್ಬಿದ ಕಾಮಾಲೆಯನ್ನೂ ಜನರು ಇವುಗಳ ತಲೆಗೇ ಕಟ್ಟುವುದುಂಟು. ಅದು ಹೆಪಟೈಟಿಸ್-ಇ ಎಂಬ ವೈರಾಣುವಿನ ಕೆಲಸ. ವೈರಾಣುವಿಗೆ ಸ್ವಂತ ಕೋಶವಿಲ್ಲ, ತಾನಾಗಿ ಎರಡಾಗುವ ಶಕ್ತಿಯಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯಾಟಿಕ್ ಗುಳಿಗೆ ಅದಕ್ಕೆ ತಗಲುವುದಿಲ್ಲ. ಆದರೆ ನೀರನ್ನು ಚೆನ್ನಾಗಿ ಕುದಿಸಿದರೆ ಅದೂ ಸಾಯುತ್ತದೆ, ಕಾಲರಾ, ವಿಷಮಜ್ವರಗಳ ಜೀವಿಗಳೂ ಸಾಯುತ್ತವೆ.

ಎಲ್ಲ ಬ್ಯಾಕ್ಟೀರಿಯಾಗಳೂ ಅವಸರದವಲ್ಲ. ಕ್ಷಯದ ದಂಡಾಣು ಎರಡಾಗಲು ಸುಮಾರು 15ರಿಂದ 20 ತಾಸು ಬೇಕು. ನಡುವೆ ಸುಮ್ಮನೆ ಮಲಗಿರುವುದೂ ಉಂಟು. ಬೆಳೆಯುವಾಗಲೇ ಔಷಧಿ ಅದಕ್ಕೆ ಚೆನ್ನಾಗಿ ನಾಟುವುದರಿಂದ ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು ನಡೆಯುತ್ತದೆ. ಎರಡು ತಿಂಗಳಿಗೇ ಕೆಮ್ಮು ನಿಂತಿತೆಂದು ಗುಳಿಗೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಅಂಥವರಲ್ಲಿ ಅಳಿದುಳಿದ ದಂಡಾಣುಗಳು ಮತ್ತೆ ಹೆಚ್ಚುತ್ತವೆ; ಔಷಧಿಗೆ ಬಗ್ಗದವು ಅವುಗಳಲ್ಲಿದ್ದರೆ ಅವುಗಳ ಸಂತತಿಯೇ ತುಂಬಿಕೊಳ್ಳುತ್ತದೆ, ಆಮೇಲೆ ಮೊದಲಿನ ಗುಳಿಗೆ ಕೆಲಸ ಮಾಡುವುದಿಲ್ಲ.