ಮ್ಯಾಕ್ಯುಲಾ ಸವೆತ: ಯಾರ ಕಣ್ಣಿಗೆ ಅಪಾಯ ಹೆಚ್ಚು?

ಕಳೆದ ಬೇಸಿಗೆಯಲ್ಲಿ ಊರಿನಿಂದ ಬಂದಿದ್ದ ನಮ್ಮಮ್ಮ ಒಂದು ಬೆಳಿಗ್ಗೆ, "ಈ ಬಾಗಿಲ ಚೌಕಟ್ಟು ಯಾಕೋ ಸೊಟ್ಟಗಿದೆಯಲ್ಲೋ" ಎಂದರು. ವಯಸ್ಸು 78. ಪೊರೆ ಬಂದಿರಬೇಕು, ಊರಿಗೆ ಹೋದಮೇಲೆ ತೋರಿಸಿದರಾಯಿತು ಎಂದು ನಾನು ಸುಮ್ಮನಾದೆ. ಹಾಗೆ ಆರು ವಾರ ಕಳೆಯಿತು.

ಪೊರೆ ಬಂದರೆ ನೋಟ ಮಂಜಾಗುತ್ತದೆ, ಗೆರೆ ಡೊಂಕಾಗುವುದಿಲ್ಲ. ನೇರ ಗೆರೆ ಬಾಗಿ ಕಂಡರೆ ಅನುಮಾನಿಸಬೇಕಾದದ್ದು ಅಕ್ಷಿಪಟಲದ ನಡುವೆ ಇರುವ ಮ್ಯಾಕ್ಯುಲಾ ಎಂಬ ಪುಟ್ಟ ಭಾಗವನ್ನು. ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗಿರುವವರ ಮುಖ ಗುರುತಿಸುವುದು ಎಲ್ಲ ಅದರಿಂದಲೇ. ವಯಸ್ಸಿನೊಂದಿಗೆ ಅದು ಸವೆಯುವ ಕಾಯಿಲೆಯಲ್ಲಿ ಎರಡು ಬಗೆ. 'ಒಣ' ಬಗೆ ವರ್ಷಗಟ್ಟಲೆ ನಿಧಾನವಾಗಿ ಮುಂದುವರಿಯುತ್ತದೆ. 'ಒದ್ದೆ' ಬಗೆಯಲ್ಲಿ ಹೊಸ ರಕ್ತನಾಳಗಳು ಬೆಳೆದು ಸೋರುತ್ತವೆ. ಕೆಲವೇ ವಾರಗಳಲ್ಲಿ ನಡುನೋಟ ಹೋಗಬಹುದು. ಅಮ್ಮನ ಬಲಗಣ್ಣಿಗೆ ಬಂದದ್ದು ಇದು.

ಅಪಾಯಕ್ಕೆ ಮೊದಲ ಕಾರಣ ವಯಸ್ಸು. ಆಮೇಲೆ ವಂಶ: ರೋಗನಿರೋಧಕ ವ್ಯವಸ್ಥೆಗೆ ಸೇರಿದ ಸಿಎಫ್‌ಎಚ್ ಎಂಬ ಜೀನಿನ ಪಾತ್ರ 2005ರಲ್ಲಿ ಗೊತ್ತಾಯಿತು. ಇವೆರಡೂ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದರಲ್ಲಿ ಎಲ್ಲಕ್ಕಿಂತ ದೊಡ್ಡದು ಸಿಗರೇಟು.

ಈಗಾಗಲೇ ಚಿಹ್ನೆಗಳಿರುವವರಿಗೆ ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ನಡೆಸಿದ 'ಏರೆಡ್ಸ್' ಅಧ್ಯಯನದಿಂದ ಒಂದು ಸರಳ ಲೆಕ್ಕ ಸಿಕ್ಕಿದೆ. ಅಕ್ಷಿಪಟಲದಡಿ ಶೇಖರವಾಗುವ ಹಳದಿ ಚುಕ್ಕೆಗಳಿಗೆ ಡ್ರೂಸೆನ್ ಎನ್ನುತ್ತಾರೆ. ಒಂದು ಕಣ್ಣಿನಲ್ಲಿ 125 ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಡ್ರೂಸೆನ್ ಇದ್ದರೆ 1 ಅಂಕ, ಬಣ್ಣದ ವ್ಯತ್ಯಾಸವಿದ್ದರೆ ಇನ್ನೊಂದು. ಕಾಯಿಲೆ ಆಗಲೇ ಬಲಿತ ಕಣ್ಣಿಗೆ ನೇರವಾಗಿ 2. ಎರಡೂ ಕಣ್ಣಿನದು ಕೂಡಿಸಿ. ಮೊತ್ತ 1 ಆದರೆ ಐದು ವರ್ಷದೊಳಗೆ ಕಾಯಿಲೆ ಬಲಿಯುವ ಸಂಭವ ಸುಮಾರು ಶೇ. 3, 2 ಆದರೆ 12, 3 ಆದರೆ 25, 4 ಆದರೆ ಶೇ. 50. ಅಮ್ಮನದು 3. ಬಲಗಣ್ಣಿನದು 2, ಎಡಗಣ್ಣಿನ ಡ್ರೂಸೆನ್‌ಗೆ 1. ಅಂದರೆ ಉಳಿದಿರುವ ಒಳ್ಳೆಯ ಕಣ್ಣೂ ಕೆಡುವ ಸಂಭವ ನಾಲ್ಕರಲ್ಲೊಂದು ಪಾಲು.

ಇಂಥವರಿಗೆ ವಿಟಮಿನ್ ಸಿ, ಇ, ಸತು, ತಾಮ್ರ, ಲ್ಯೂಟಿನ್, ಜಿಯಾಕ್ಸಾಂಥಿನ್ ಸೇರಿದ ಮಾತ್ರೆ ಉಪಯುಕ್ತ. ಮೂಲ ಸೂತ್ರ ಈ ಅಪಾಯವನ್ನು ಸುಮಾರು ಕಾಲುಭಾಗ ತಗ್ಗಿಸಿತೆಂದು 2001ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಬೀಟಾ ಕ್ಯಾರೋಟಿನ್‌ನಿಂದ ಸಿಗರೇಟು ಸೇದುವವರಿಗೂ ಸೇದಿ ಬಿಟ್ಟವರಿಗೂ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚೆಂದು ಕಂಡದ್ದರಿಂದ, 2013ರ ಎರಡನೆಯ ಅಧ್ಯಯನದ ನಂತರ ಲ್ಯೂಟಿನ್ ಬಂತು. ಊರಿಗೆ ಕಳಿಸುವ ಬಾಟಲಿಯ ಮೇಲೆ ಏನು ಬರೆದಿದೆ ಎಂದು ದಯವಿಟ್ಟು ಓದಿ. ಕಣ್ಣು ಚೆನ್ನಾಗಿರುವವರು 'ಇರಲಿ' ಎಂದು ನುಂಗಿದರೆ ಕಾಯಿಲೆ ತಪ್ಪುತ್ತದೆ ಎನ್ನಲು ಆಧಾರವಿಲ್ಲ. (ನಮ್ಮ ಮನೆಯಲ್ಲೇ ನುಂಗುವವರಿದ್ದಾರೆ.)

ಅಮ್ಮನಿಗೆ ಕಣ್ಣಿನೊಳಗೆ ಇಂಜೆಕ್ಷನ್ ಶುರುವಾಗಿದೆ. ಸೋರಿಕೆ ನಿಂತಿದೆ, ಆ ಆರು ವಾರದಲ್ಲಿ ಹೋದ ನೋಟ ಪೂರ್ತಿ ಮರಳಿಲ್ಲ. ಈಗ ಫ್ರಿಜ್ಜಿನ ಬಾಗಿಲಿಗೆ ಚೌಕಳಿ ಹಾಳೆ ಅಂಟಿಸಿದ್ದೇವೆ. ದಿನವೂ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡುತ್ತಾರೆ. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ತಪ್ಪನ್ನು ಮುಚ್ಚಿಹಾಕುತ್ತದೆ. ಎಡಗಣ್ಣಿಗೆ ಒಂದು ಗೆರೆ ಡೊಂಕಾದರೂ ಅದೇ ದಿನ ಡಾಕ್ಟರಿಗೆ ಫೋನ್ ಮಾಡಬೇಕೆಂದು ಮಾತಾಗಿದೆ.