ಸಣ್ಣ ತಾಲ್ಲೂಕು, ದೊಡ್ಡ ಅಧ್ಯಯನ: ಜೇವರ್ಗಿಯ ನೆಲ ಕಲಿಸುವ ಪಾಠ

ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಇರುವ ಐಸ್‌ಲ್ಯಾಂಡ್ ಒಂದು ಪುಟ್ಟ ದ್ವೀಪ ರಾಷ್ಟ್ರ. ಅಲ್ಲಿನ ಒಟ್ಟು ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು. ಅಂದರೆ ನಮ್ಮ ಮಂಗಳೂರು ನಗರದ ಜನಸಂಖ್ಯೆಗಿಂತಲೂ ಕಡಿಮೆ. ಆದರೂ ಆ ದೇಶದಲ್ಲಿ ನಡೆಯುವ ಸಂಶೋಧನೆಯ ಹರವು ನೋಡಿದರೆ ಅಚ್ಚರಿಯಾಗುತ್ತದೆ. ಜ್ವಾಲಾಮುಖಿಗಳ ಅಧ್ಯಯನ ಅಲ್ಲಿದೆ. ನೆಲದೊಳಗಿನ ಬಿಸಿಯಿಂದ ವಿದ್ಯುತ್ ತಯಾರಿಸುವ ವಿದ್ಯೆಯನ್ನು 1979ರಿಂದ ಬಡ ದೇಶಗಳ ಇಂಜಿನಿಯರರಿಗೂ ಅಲ್ಲಿ ಕಲಿಸುತ್ತಾ ಬಂದಿದ್ದಾರೆ. 1996ರಲ್ಲಿ ಆರಂಭವಾದ ಒಂದು ಸಂಸ್ಥೆ ಅಲ್ಲಿನ ಜನರ ವಂಶಾವಳಿಯನ್ನೇ ಆಧಾರವಾಗಿಟ್ಟುಕೊಂಡು ಕಾಯಿಲೆಗಳ ಮೂಲ ಹುಡುಕುತ್ತಿದೆ. ಇವೆಲ್ಲದರ ಜೊತೆಗೆ ಮಧ್ಯಯುಗದ ಹಸ್ತಪ್ರತಿಗಳ ಅಧ್ಯಯನವೂ ಸಾಗಿದೆ.

ಆ ಹಸ್ತಪ್ರತಿಗಳ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಶತಮಾನಗಳ ಕಾಲ ಅವು ಡೆನ್ಮಾರ್ಕಿನಲ್ಲಿದ್ದವು. 1971ರ ಏಪ್ರಿಲ್ 21ರಂದು ಅತ್ಯಮೂಲ್ಯವಾದ ಎರಡು ಹಸ್ತಪ್ರತಿಗಳು ಹಡಗಿನಲ್ಲಿ ಮರಳಿ ಬಂದಾಗ, ಅವನ್ನು ಎದುರುಗೊಳ್ಳಲು ರಾಜಧಾನಿಯ ಬಂದರಿನಲ್ಲಿ ಸಾವಿರಾರು ಜನ ಸೇರಿದ್ದರು. ವಿದ್ವಾಂಸರ ಸೊತ್ತು ಎಂದು ನಾವು ತಿಳಿಯುವ ವಸ್ತುವನ್ನು ಅಲ್ಲಿನ ಸಾಮಾನ್ಯ ಜನ ತಮ್ಮ ಮನೆಯ ಸೊತ್ತು ಎಂದು ತಿಳಿದಿದ್ದರು.

ದೂರದ ದ್ವೀಪದ ಮಾತು ನಮಗೇಕೆ ಎಂದು ಓದುಗರು ಕೇಳಬಹುದು. ಒಂದು ಸಣ್ಣ ಜಾಗದಲ್ಲಿ ಹಲವು ಬಗೆಯ ಸಂಶೋಧನೆ ನಡೆಯಲು ದ್ವೀಪವೇ ಬೇಕೆಂದಿಲ್ಲ. ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯ ಜೇವರ್ಗಿ ಮತ್ತು ಅದರ ನೆರೆಹೊರೆಯೇ ಇದಕ್ಕೆ ಸಾಕ್ಷಿ. ಕರಾವಳಿಯ ಎಷ್ಟೋ ಧರ್ಮಗುರುಗಳು, ಧರ್ಮಭಗಿನಿಯರು, ಶಿಕ್ಷಕರು ಆ ಭಾಗದಲ್ಲಿ ಸೇವೆ ಸಲ್ಲಿಸಿದ್ದಾರೆ. ಆದರೆ ಬಿಸಿಲು, ಬರ ಮತ್ತು ತೊಗರಿ ಎಂಬ ಮೂರು ಮಾತುಗಳಲ್ಲೇ ಆ ನಾಡಿನ ಪರಿಚಯ ಮುಗಿದುಬಿಡುವುದು ಹೆಚ್ಚು.

ಎರಡು ನದಿಗಳ ನಡುವಿನ ನಾಡು

ಕಲಬುರಗಿಯಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ಸಾಗಿ, ಭೀಮಾ ನದಿಯ ಸೇತುವೆ ದಾಟಿದರೆ ಜೇವರ್ಗಿ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ. ಇವೆರಡರ ನಡುವಿನ ಕಪ್ಪು ಮಣ್ಣಿನ ಪ್ರದೇಶವನ್ನು ವಿದ್ವಾಂಸರು ಶೋರಾಪುರ ದೋಆಬ್ ಎಂದು ಕರೆಯುತ್ತಾರೆ. ಶೋರಾಪುರ ಎಂದರೆ ಇಂದಿನ ಯಾದಗಿರಿ ಜಿಲ್ಲೆಯ ಸುರಪುರ.

ಇಲ್ಲಿ ಮೊದಲು ಸಂಶೋಧನೆಗೆ ಕೈಹಾಕಿದವರಲ್ಲಿ ಮುಖ್ಯನಾದವನು ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ. 1841ರಿಂದ 1853ರವರೆಗೆ ಆತ ಸುರಪುರ ಸಂಸ್ಥಾನದಲ್ಲಿದ್ದು, ಎಳೆಯ ರಾಜನ ಪರವಾಗಿ ಆಡಳಿತದ ಉಸ್ತುವಾರಿ ನೋಡಿಕೊಂಡ. ಜೇವರ್ಗಿಯ ಹತ್ತಿರ ಕಲ್ಲುಗುಪ್ಪೆಗಳ ಕೆಳಗೆ ಇದ್ದ ಪ್ರಾಚೀನ ಸಮಾಧಿಗಳನ್ನು ಆತ ಅಗೆಸಿದ. ಒಳಗೆ ಅಸ್ಥಿಪಂಜರಗಳು, ಮಣ್ಣಿನ ಪಾತ್ರೆಗಳು ದೊರೆತವು. ಸಿಕ್ಕಿದ್ದನ್ನು ಎತ್ತಿಕೊಂಡು ಹೋಗುವ ಕಾಲ ಅದು. ಟೇಲರ್ ಹಾಗೆ ಮಾಡದೆ, ಗುಂಡಿಯ ಅಡ್ಡಕೊಯ್ತದ ಚಿತ್ರ ಬರೆದು, ಯಾವ ಪದರದಲ್ಲಿ ಏನಿತ್ತು ಎಂದು ತೋರಿಸಿದ. ಮುಂದೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾದ ಮಾರ್ಟಿಮರ್ ವ್ಹೀಲರ್ ಈ ಕೆಲಸವನ್ನು ಬಹುವಾಗಿ ಮೆಚ್ಚಿಕೊಂಡರು. ಆ ಸಮಾಧಿಗಳು ಯುರೋಪಿನ ಹಳೆಯ ಜನಾಂಗಗಳ ಸಮಾಧಿಗಳಿಗೆ ಸಂಬಂಧಿಸಿದವು ಎಂಬ ಟೇಲರನ ಊಹೆ ಮಾತ್ರ ನಿಲ್ಲಲಿಲ್ಲ. ಊಹೆ ಬಿದ್ದುಹೋಯಿತು, ಪ್ರಾಮಾಣಿಕವಾಗಿ ಬರೆದ ಚಿತ್ರ ಉಳಿಯಿತು. ಸಂಶೋಧನೆ ಮಾಡುವವರೆಲ್ಲರೂ ಇದನ್ನು ನೆನಪಿಡಬೇಕು.

ಕಲ್ಲಿನ ಕಾರ್ಖಾನೆ, ಬೂದಿಯ ದಿಬ್ಬ

ಜೇವರ್ಗಿಯಿಂದ ದಕ್ಷಿಣಕ್ಕೆ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಿವೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ತಮ್ಮ ಆಯುಷ್ಯದ ಬಹುಭಾಗವನ್ನು ಈ ನೆಲದ ಅಧ್ಯಯನಕ್ಕೆ ಕೊಟ್ಟರು. ಇಸಾಂಪುರ ಎಂಬಲ್ಲಿ ಆದಿಮಾನವರು ಕಲ್ಲಿನ ಕೊಡಲಿ ತಯಾರಿಸುತ್ತಿದ್ದ ಜಾಗವನ್ನು ಅವರ ತಂಡ ಅಗೆಯಿತು. ನೆಲದಲ್ಲೇ ಹಾಸಿಕೊಂಡಿದ್ದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಕಿತ್ತು, ಅಲ್ಲೇ ಕುಳಿತು ಆಯುಧ ಮಾಡಿದ ಗುರುತುಗಳು ಅಲ್ಲಿ ಸಿಕ್ಕವು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ, ಆ ಜಾಗ ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದು ಎಂಬ ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ಸುಣ್ಣಕಲ್ಲಿನ ಈ ಪದರಗಳಿಗೆ ಭೂವಿಜ್ಞಾನಿಗಳು ಭೀಮಾ ನದಿಯ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಎಷ್ಟೋ ಮನೆಗಳಲ್ಲಿ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಬರುವುದೂ ಇದೇ ಭೀಮಾ ಶಿಲಾಪದರಗಳಿಂದ.

ಅದೇ ಸೀಮೆಯ ಬೂದಿಹಾಳದಲ್ಲಿ ಇನ್ನೊಂದು ಬಗೆಯ ಶೋಧ ನಡೆಯಿತು. ಅಲ್ಲಿ ದೊಡ್ಡ ಬೂದಿದಿಬ್ಬವಿದೆ. ಇಂಥ ದಿಬ್ಬಗಳು ಜ್ವಾಲಾಮುಖಿಯಿಂದ ಆದವೇ, ಲೋಹ ಕರಗಿಸಿದ್ದರಿಂದ ಆದವೇ ಎಂದು ಬಹಳ ಕಾಲ ಚರ್ಚೆ ನಡೆದಿತ್ತು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನಗಾಹಿಗಳು ತಮ್ಮ ಹಟ್ಟಿಗಳಲ್ಲಿ ಶೇಖರವಾದ ಸಗಣಿಯನ್ನು ಸುಟ್ಟಿದ್ದರಿಂದ ಆದವು ಎಂಬುದು ಅಗೆತಗಳಿಂದ ಸ್ಪಷ್ಟವಾಯಿತು. ಊರಿನವರು ಮಾತ್ರ ತಮ್ಮ ಊರಿನ ಹೆಸರಿನಲ್ಲೇ ಬೂದಿಯನ್ನು ಇಟ್ಟುಕೊಂಡಿದ್ದರು.

ಅಶೋಕನಿಂದ ಅಖಂಡೇಶ್ವರನವರೆಗೆ

ಜೇವರ್ಗಿಯಿಂದ ಭೀಮೆಯ ಹರಿವಿನ ಜೊತೆ ಕೆಳಗೆ ಸಾಗಿದರೆ, ಎಡದಂಡೆಯಲ್ಲಿ ಚಿತ್ತಾಪುರ ಸೀಮೆಯ ಸನ್ನತಿ ಸಿಗುತ್ತದೆ. ಅಲ್ಲಿನ ಚಂದ್ರಲಾ ಪರಮೇಶ್ವರಿ ದೇವಾಲಯದ ಆವರಣದಲ್ಲಿದ್ದ ಕಾಳಿ ಗುಡಿಯ ಛಾವಣಿ 1986ರಲ್ಲಿ ಕುಸಿಯಿತು. ದುರಸ್ತಿಗೆಂದು ವಿಗ್ರಹ ಎತ್ತಿದಾಗ, ಅದರ ಪೀಠವಾಗಿದ್ದ ಕಲ್ಲೇ ಸಾಮ್ರಾಟ ಅಶೋಕನ ಶಾಸನ ಎಂಬುದು ಮುಂದೆ ತಿಳಿದುಬಂತು. ಅದರಲ್ಲಿದ್ದ ಎರಡು ವಿಶೇಷ ಶಾಸನಗಳು ಅದುವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ, ಅಂದರೆ ಕಳಿಂಗದಲ್ಲಿ ಮಾತ್ರ ಸಿಕ್ಕಿದ್ದವು. ಎಲ್ಲ ಪ್ರಜೆಗಳೂ ತನಗೆ ಮಕ್ಕಳ ಸಮಾನ, ಯಾರನ್ನೂ ಅನ್ಯಾಯವಾಗಿ ಸೆರೆಗೆ ಹಾಕಬಾರದು ಎಂದು ಅಧಿಕಾರಿಗಳಿಗೆ ಹೇಳುವ ಆ ಮಾತುಗಳು ಭೀಮಾ ತೀರದಲ್ಲಿ ಏಕೆ ಕೊರೆಯಲ್ಪಟ್ಟವು ಎಂಬ ಪ್ರಶ್ನೆಯನ್ನು ಕೇಂಬ್ರಿಡ್ಜಿನ ಕೆ. ಆರ್. ನಾರ್ಮನ್ ಅವರಂಥ ವಿದ್ವಾಂಸರು ಕೈಗೆತ್ತಿಕೊಂಡರು.

ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ಪುರಾತತ್ವ ಇಲಾಖೆ ನಡೆಸಿದ ಅಗೆತದಲ್ಲಿ ದೊಡ್ಡ ಬೌದ್ಧ ಸ್ತೂಪವೇ ಹೊರಬಂತು. ಅದರ ಒಂದು ಶಿಲ್ಪದ ಮೇಲೆ 'ರಾಯೋ ಅಸೋಕೋ' ಎಂದು ಬ್ರಾಹ್ಮಿ ಲಿಪಿಯಲ್ಲಿ ಬರೆದಿದೆ. ರಾಜ ಅಶೋಕ ಎಂದು ಹೆಸರು ಸಹಿತ ಇರುವ ಪ್ರಾಚೀನ ಶಿಲ್ಪ ಅದು. ಅಲ್ಲಿನ ಬರಹಗಳನ್ನೆಲ್ಲ ಓದಿ ಜರ್ಮನಿಯ ಮತ್ತು ಜಪಾನಿನ ಇಬ್ಬರು ವಿದ್ವಾಂಸರು ಸಿದ್ಧಪಡಿಸಿದ ಗ್ರಂಥ 2014ರಲ್ಲಿ ಟೋಕಿಯೋದಿಂದ ಪ್ರಕಟವಾಯಿತು.

ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ. ಸುಮಾರು 1400ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾ ಭೀಮಾ ದಡದಲ್ಲಿ ಕಟ್ಟಿಸಿದ ಫಿರೋಜಾಬಾದ್ ನಗರದ ಬಗ್ಗೆ ಜಾರ್ಜ್ ಮಿಶೆಲ್ ಮತ್ತು ರಿಚರ್ಡ್ ಈಟನ್ 1992ರಲ್ಲಿ ಪುಸ್ತಕ ಬರೆದರು. ಹದಿನೇಳನೆಯ ಶತಮಾನದಲ್ಲಿ ಜೇವರ್ಗಿಯಲ್ಲಿದ್ದ ಷಣ್ಮುಖ ಶಿವಯೋಗಿಗಳು ಅಖಂಡೇಶ್ವರ ಎಂಬ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನಗಳನ್ನು ರಚಿಸಿದರು. ಬಸವಣ್ಣನವರ ಕಾಲ ಕಳೆದು ಐನೂರು ವರ್ಷಗಳ ನಂತರವೂ ವಚನದ ಧಾರೆ ಬತ್ತಿರಲಿಲ್ಲ ಎಂಬುದಕ್ಕೆ ಕನ್ನಡ ವಿದ್ವಾಂಸರು ಇವರನ್ನೇ ಉದಾಹರಿಸುತ್ತಾರೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೇ ಜಿಲ್ಲೆಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿದೆ.

ಹೊಲಕ್ಕೆ ಮರಳಿದ ಸಂಶೋಧನೆ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಇದರಲ್ಲಿ ಎಷ್ಟು ಭಾಗ ಜೇವರ್ಗಿಯ ರೈತನ ಮನೆಗೆ ತಲುಪಿತು? ಟೇಲರನ ವರದಿಗಳು ಮುಂಬಯಿ ಮತ್ತು ಡಬ್ಲಿನ್ ನಗರಗಳ ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾದವು. ಇಸಾಂಪುರದ ಫಲಿತಾಂಶ ಇಂಗ್ಲಿಷಿನಲ್ಲಿ ಬಂತು. ಕನಗನಹಳ್ಳಿಯ ಗ್ರಂಥ ಟೋಕಿಯೋದಲ್ಲಿ ಬಂತು. ಬರೆದವರ ತಪ್ಪು ಇದರಲ್ಲಿಲ್ಲ. ವಿದ್ವತ್ ಲೋಕದ ಭಾಷೆಯೇ ಹಾಗಿದೆ. ಆದರೆ ಯಾರ ಹೊಲದ ಬದುವಿನಲ್ಲಿ ಆ ಕಲ್ಲುಗಳು ಬಿದ್ದಿವೆಯೋ ಅವರಿಗೆ ಅವು ಏನೆಂದು ತಿಳಿಯದಿದ್ದರೆ, ಟ್ರ್ಯಾಕ್ಟರ್ ಬಂದ ದಿನ ಅವು ಮಣ್ಣುಪಾಲಾಗುತ್ತವೆ.

ತಲುಪಿದ ಸಂಶೋಧನೆಯೂ ಉಂಟು. ಅದು ತೊಗರಿಯದ್ದು. ತೊಗರಿಗೆ ಬರುವ ನೆಟೆ ರೋಗಕ್ಕೆ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಕಾರಣ. ಅದು ಬೇರಿನ ಮೂಲಕ ಒಳಹೊಕ್ಕು ನೀರು ಹೋಗುವ ನಾಳಗಳನ್ನು ಕಟ್ಟಿಬಿಡುತ್ತದೆ. ಹೂವು, ಕಾಯಿ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಶಿಲೀಂಧ್ರ ವರ್ಷಗಟ್ಟಲೆ ಮಣ್ಣಿನಲ್ಲೇ ಉಳಿಯುವುದರಿಂದ ಔಷಧಿ ಸಿಂಪಡಿಸಿ ಪ್ರಯೋಜನವಿಲ್ಲ.

ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್ ಇದಕ್ಕೆ ಒಂದು ಉಪಾಯ ಮಾಡಿತು. ರೋಗ ತುಂಬಿದ ಮಣ್ಣಿನ ಹೊಲವನ್ನೇ ಬೇಕೆಂದು ಸಿದ್ಧಪಡಿಸಿ, ಅದರಲ್ಲಿ ನಾನಾ ತಳಿಗಳನ್ನು ಬಿತ್ತಿ, ಸಾಯದೆ ಉಳಿದ ಗಿಡಗಳನ್ನು ಆರಿಸುತ್ತಾ ಬಂದಿತು. ಹೀಗೆ ಆಯ್ದ ಒಂದು ತಳಿಯನ್ನು 1986ರಲ್ಲಿ 'ಮಾರುತಿ' ಎಂಬ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆ ಮಾಡಲಾಯಿತು. ಅದು ರೈತರಿಂದ ರೈತರಿಗೆ ಕೈಬದಲಾಗುತ್ತಾ ಕೆಲವೇ ವರ್ಷಗಳಲ್ಲಿ ಕಲಬುರಗಿ ಸೀಮೆಯ ತುಂಬ ಹರಡಿತು. ಜೋಳದ ಜೊತೆ ಅಕ್ಕಡಿಯಾಗಿ ತೊಗರಿ ಬಿತ್ತಿದರೆ ನೆಟೆ ಕಡಿಮೆ ಎಂಬುದೂ ಪ್ರಯೋಗಗಳಿಂದ ದೃಢಪಟ್ಟಿತು. ಹಿರಿಯರು ಹಾಗೆ ಬಿತ್ತುತ್ತಲೇ ಬಂದಿದ್ದರು. 2011ರಲ್ಲಿ ತೊಗರಿಯ ವಂಶವಾಹಿಗಳ ಕರಡು ನಕ್ಷೆ ಪ್ರಕಟವಾಯಿತು. 2019ರಲ್ಲಿ ಗುಲ್ಬರ್ಗ ತೊಗರಿ ಬೇಳೆಗೆ ಭೌಗೋಳಿಕ ಗುರುತು ದೊರೆಯಿತು.

ಹಾಗೆಂದು ಸಮಸ್ಯೆ ಮುಗಿಯಲಿಲ್ಲ. ಗೊಡ್ಡು ರೋಗ, ಕಾಯಿಕೊರಕ ಹುಳುಗಳ ಕಾಟ ಇದ್ದೇ ಇದೆ. 2022ರಲ್ಲಿ ನೆಟೆ ರೋಗವೇ ಮತ್ತೆ ಬಡಿದು ಜಿಲ್ಲೆಯ ಅಪಾರ ಬೆಳೆ ಒಣಗಿತು. ಸಾಲ ಮಾಡಿ ಬಿತ್ತಿದವರು ಪರಿಹಾರಕ್ಕಾಗಿ ಬೀದಿಗಿಳಿದರು. ಬೇಸಾಯದ ಸಂಶೋಧನೆ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ಅದು ನಿಂತ ದಿನ ಅದರ ಬೆಲೆ ತೆರುವವರು ಸಣ್ಣ ಹಿಡುವಳಿಯ ರೈತರು.

ನಮಗೇನು ಕೆಲಸ?

ದ್ವೀಪದ ಜನ ಬಂದರಿಗೆ ಹೋಗಿ ಹಸ್ತಪ್ರತಿಗಳನ್ನು ಬರಮಾಡಿಕೊಂಡರು. ನಮ್ಮಲ್ಲಿಯೂ ಜ್ಞಾನ ಊರಿಗೆ ಮರಳುವ ದಾರಿಗಳು ಬೇಕು. ಆ ಭಾಗದ ಶಾಲೆಗಳಲ್ಲಿ ದುಡಿಯುವ ನಮ್ಮವರು ಮಕ್ಕಳನ್ನು ಪ್ರವಾಸಕ್ಕೆಂದು ಮೈಸೂರಿಗೆ ಕರೆದೊಯ್ಯುವ ಮೊದಲು ಸನ್ನತಿಗೆ ಒಮ್ಮೆ ಕರೆದೊಯ್ಯಬಹುದು. ಕೃಷಿ ಸಂಶೋಧನಾ ಕೇಂದ್ರದವರನ್ನು ಕರೆಸಿ, ಬಿತ್ತನೆಗೆ ಮೊದಲೇ ಊರಿನವರ ಜೊತೆ ಮಾತನಾಡಿಸಬಹುದು. ಹೊಲದಲ್ಲಿ ಹಳೆಯ ಕಲ್ಲು, ಮಡಿಕೆ ಚೂರು ಕಂಡರೆ ಎಸೆಯಬೇಡಿ, ತಿಳಿದವರಿಗೆ ತೋರಿಸಿ ಎಂದು ಹೇಳುವುದಕ್ಕೆ ಹಣ ಬೇಕಾಗಿಲ್ಲ.

ಕರಾವಳಿಯವರಾದ ನಮಗೂ ಇದು ಅನ್ವಯಿಸುತ್ತದೆ. ನಮ್ಮ ಚರ್ಚುಗಳ ಕಪಾಟಿನಲ್ಲಿರುವ ಹಳೆಯ ಜ್ಞಾನಸ್ನಾನ, ವಿವಾಹ, ಮರಣ ದಾಖಲೆ ಪುಸ್ತಕಗಳು ಮುಂದೆ ಯಾರೋ ಒಬ್ಬ ಸಂಶೋಧಕನಿಗೆ ಊರಿನ ಚರಿತ್ರೆಯನ್ನೇ ಹೇಳಬಲ್ಲವು. ಗೆದ್ದಲು ತಿನ್ನುವ ಮೊದಲು ಅವನ್ನು ಕಾಪಾಡಬೇಕಾದವರು ನಾವೇ. ಸಣ್ಣ ಊರು ಎಂದು ಯಾವ ಊರನ್ನೂ ಕಡೆಗಣಿಸಬಾರದು. ಕಾಳಿ ವಿಗ್ರಹದ ಕೆಳಗೆ ಆ ಶಾಸನ ಎಷ್ಟು ಕಾಲ ಇತ್ತೋ, ದಿನವೂ ಪೂಜೆಗೆ ಬರುತ್ತಿದ್ದವರ ಎದುರಿಗೇ ಇತ್ತು.