ವಿನ್ಯಾಸ ವಿದ್ಯಾರ್ಥಿಯ ಸಂದರ್ಶನ ಮತ್ತು ಸಣ್ಣ ಉದ್ಯಮಿ

ಮುದ್ರಣಾಲಯ, ಪ್ಯಾಕೇಜಿಂಗ್ ಘಟಕ, ಪೀಠೋಪಕರಣ ಕಾರ್ಖಾನೆ, ಆಟಿಕೆ ತಯಾರಿಕಾ ಕೇಂದ್ರ, ಜಾಹೀರಾತು ಸಂಸ್ಥೆ ಮುಂತಾದವುಗಳ ಬಾಗಿಲಿಗೆ ಟಿಪ್ಪಣಿ ಪುಸ್ತಕ ಹಾಗೂ ಕ್ಯಾಮೆರಾ ಹಿಡಿದ ವಿನ್ಯಾಸ ವಿದ್ಯಾರ್ಥಿಗಳು ಬರುವುದು ಇಂದು ಅಪರೂಪವಲ್ಲ. ಕೆಲವು ಮಾಲೀಕರು ಇವರನ್ನು ಸಮಯ ಹಾಳುಮಾಡುವವರೆಂದು ಬಾಗಿಲಿನಿಂದಲೇ ಕಳುಹಿಸುತ್ತಾರೆ. ಮತ್ತೆ ಕೆಲವರು ಮಾರುಕಟ್ಟೆಗೆ ಇನ್ನೂ ಬಾರದ ಮಾದರಿಗಳನ್ನೂ ಸೇರಿಸಿ ಎಲ್ಲವನ್ನೂ ತೆರೆದು ತೋರಿಸುತ್ತಾರೆ. ಮೊದಲನೆಯವರಿಗೆ ಆಗುವ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಎರಡನೆಯವರಿಗೆ ಆಗುವ ನಷ್ಟ ಕಾನೂನಿನ ಮುಂದೆ ನಿಂತಾಗ ಮಾತ್ರ ಕಾಣುತ್ತದೆ.

ಈ ಪದ್ಧತಿಯ ಬೇರು ಹಳೆಯದು. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಬಂದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಸಲ್ಲಿಸಿದ ವರದಿಯಲ್ಲಿ ಸಾಮಾನ್ಯ ಚೊಂಬೊಂದನ್ನು ಉದಾಹರಣೆಯಾಗಿ ತೆಗೆದುಕೊಂಡು ಪ್ರಶ್ನೆಗಳ ಸರಮಾಲೆಯನ್ನೇ ಹೆಣೆದಿದ್ದರು. ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈ ಯಾರದು, ಸುರಿಯುವಾಗ ತೂಕ ಎತ್ತ ವಾಲುತ್ತದೆ, ತಯಾರಿಕೆಯ ವೆಚ್ಚವೆಷ್ಟು, ಹಳತಾದ ಮೇಲೆ ಲೋಹಕ್ಕೆ ಏನು ಬೆಲೆ ಬರುತ್ತದೆ ಎಂಬಂತಹ ಪ್ರಶ್ನೆಗಳವು. ಕೊನೆಯ ಪ್ರಶ್ನೆಯನ್ನು ನಮ್ಮ ಪಾತ್ರೆ ವ್ಯಾಪಾರಿಗಳು ಯಾವ ವರದಿಯ ನೆರವೂ ಇಲ್ಲದೆ ಕೇಳುತ್ತ ಬಂದಿದ್ದಾರೆಂಬುದು ಬೇರೆ ಮಾತು. ಈ ವರದಿಯ ಹಿನ್ನೆಲೆಯಲ್ಲಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ಕುಶಲಕರ್ಮಿಗಳ ನಡುವೆ ಇದ್ದು, ವಿಚಾರಿಸಿ, ದಾಖಲಿಸುವುದು ಅಲ್ಲಿನ ಶಿಕ್ಷಣದ ಅಂಗವಾಯಿತು. ಬೆಂಗಳೂರಿನಲ್ಲಿಯೂ 1996ರಲ್ಲಿ ಸೃಷ್ಟಿ ವಿನ್ಯಾಸ ಶಾಲೆ ಆರಂಭವಾದ ನಂತರ ಇಂತಹ ಶಿಕ್ಷಣ ವಿಸ್ತರಿಸಿದೆ.

ಉತ್ತಮ ವಿದ್ಯಾರ್ಥಿಯನ್ನು ಆತನ ಮೊದಲ ಪತ್ರದಿಂದಲೇ ಗುರುತಿಸಬಹುದು. ಅಧ್ಯಯನದ ಉದ್ದೇಶ, ಬೇಕಾಗುವ ಸಮಯ, ಮಾಹಿತಿಯ ಬಳಕೆ, ಮಾರ್ಗದರ್ಶಕರ ಹೆಸರು ಅದರಲ್ಲಿರುತ್ತವೆ. ಸಂಸ್ಥೆಯ ಉತ್ಪನ್ನಗಳನ್ನು ಮುಂಚಿತವಾಗಿ ನೋಡಿ ಬಂದಿರುತ್ತಾನೆ. ಸೃಜನಶೀಲತೆ ಎಂದರೇನು ಎಂಬಂತಹ ಹರಕು ಪ್ರಶ್ನೆಗೆ ಅನುಭವಿ ವಿನ್ಯಾಸಕನಿಂದಲೂ ಹರಕು ಉತ್ತರವೇ ದೊರೆಯುತ್ತದೆ. ಗ್ರಾಹಕರು ತಿರಸ್ಕರಿಸಿದ ಮಾದರಿ ಯಾವುದು, ಏಕೆ ತಿರಸ್ಕರಿಸಿದರು, ಬಳಿಕ ಏನು ಬದಲಾಯಿತು ಎಂದು ಕೇಳಿದರೆ ಮಾತು ಹರಿಯುತ್ತದೆ.

ಚನ್ನಪಟ್ಟಣದ ಅರಗಿನ ಆಟಿಕೆ ಉದ್ಯಮವನ್ನೇ ನೋಡಬಹುದು. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖದಿಂದ ಅರಗು ಕರಗಿ ಹರಡುತ್ತದೆ. ಅನಂತರ ತಾಳೆಗರಿಯಿಂದ ಉಜ್ಜಿ ಹೊಳಪು ತರಲಾಗುತ್ತದೆ. ಎಷ್ಟು ಒತ್ತಬೇಕೆಂದು ಕೇಳಿದರೆ ಕುಶಲಕರ್ಮಿ ಹೇಳಲಾರ, ಅದು ಕೈಗೆ ತಿಳಿದಿರುವ ವಿದ್ಯೆ. ಲೇತಿನ ಪಕ್ಕದಲ್ಲಿ ಕುಳಿತು ನೋಡಿ, ಕೆಲಸ ನಿಂತ ಘಳಿಗೆಯಲ್ಲಿ ಏಕೆ ನಿಲ್ಲಿಸಿದಿರಿ ಎಂದು ಕೇಳುವ ವಿದ್ಯಾರ್ಥಿಗೆ ಮಾತ್ರ ಅದು ದಕ್ಕುತ್ತದೆ. ಇಂತಹ ಪ್ರಶ್ನೆಗಳಿಂದ ಮಾಲೀಕನಿಗೂ ಲಾಭವುಂಟು. ರೂಢಿಯಿಂದ ನಡೆದುಬಂದ ವ್ಯರ್ಥ ಕೆಲಸಗಳು ಹೊರಗಿನವರು ಕೇಳಿದಾಗಲೇ ಎದ್ದು ಕಾಣುತ್ತವೆ.

ಇನ್ನು ಎಚ್ಚರಿಕೆಯ ವಿಷಯ. 2000ದ ವಿನ್ಯಾಸ ಕಾಯ್ದೆಯ ಸೆಕ್ಷನ್ 4ರ ಪ್ರಕಾರ, ನೋಂದಣಿಯ ಅರ್ಜಿಗೆ ಮುನ್ನವೇ ಭಾರತದಲ್ಲಾಗಲಿ ವಿದೇಶದಲ್ಲಾಗಲಿ ಪ್ರಕಟವಾಗಿ ಅಥವಾ ಬಳಕೆಯಾಗಿ ಸಾರ್ವಜನಿಕರಿಗೆ ತಿಳಿದ ವಿನ್ಯಾಸವನ್ನು ನೋಂದಾಯಿಸಲು ಬರುವುದಿಲ್ಲ. ಸಂದರ್ಶನದ ವೇಳೆ ತೆಗೆದ ಚಿತ್ರವೊಂದು ವಿದ್ಯಾರ್ಥಿಯ ಪ್ರಬಂಧದಲ್ಲಿ ಅಚ್ಚಾಗಿ ಗ್ರಂಥಾಲಯ ಸೇರಿದರೆ, ಅಥವಾ ಕಾಲೇಜಿನ ಪ್ರದರ್ಶನದಲ್ಲಿ ಗೋಡೆಗೇರಿದರೆ, ಹೊಸತನದ ಹಕ್ಕಿಗೇ ಕುತ್ತು ಬರಬಹುದು. ನೋಂದಣಿ ದೊರೆತರೆ ರಕ್ಷಣೆ 10 ವರ್ಷ, ಕೋರಿಕೆಯ ಮೇಲೆ ಮತ್ತೆ 5 ವರ್ಷ. ಅಷ್ಟು ದೀರ್ಘ ಅವಧಿಯ ಹಕ್ಕು ಒಂದು ಛಾಯಾಚಿತ್ರದಿಂದ ಕೈತಪ್ಪುವುದು ಸಣ್ಣ ವಿಷಯವಲ್ಲ. ಸದರಿ ಕಾಯ್ದೆಯ ಸೆಕ್ಷನ್ 16, ನಂಬಿಕೆಯ ಮೇಲೆ ತೋರಿಸಿದ ವಿನ್ಯಾಸವನ್ನು ಆ ನಂಬಿಕೆಗೆ ದ್ರೋಹ ಬಗೆದು ಪ್ರಕಟಿಸಿದಲ್ಲಿ ಮಾಲೀಕನಿಗೆ ರಕ್ಷಣೆ ನೀಡುತ್ತದೆ. ಆದರೆ ನಂಬಿಕೆಯ ಮೇಲೆ ತೋರಿಸಲಾಗಿತ್ತೆಂಬುದನ್ನು ರುಜುವಾತುಪಡಿಸಬೇಕಾಗುತ್ತದೆ. ಯಾವುದನ್ನು ಪ್ರಕಟಿಸಬಾರದೆಂದು ಸ್ಪಷ್ಟವಾಗಿ ಬರೆದು ವಿದ್ಯಾರ್ಥಿಯ ಸಹಿ ಪಡೆದ ಒಂದು ಹಾಳೆ ಆಗ ನೆರವಿಗೆ ಬರುತ್ತದೆ. ಅದಕ್ಕಿಂತ ಸುಲಭದ ದಾರಿಯೆಂದರೆ ಅರ್ಜಿ ಸಲ್ಲಿಕೆಯಾಗುವವರೆಗೆ ಹೊಸ ಮಾದರಿಯನ್ನು ಒಳಗಿಡುವುದು.

ಚನ್ನಪಟ್ಟಣದ ಆಟಿಕೆಗಳಿಗೆ 2005-06ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತಿರುವುದರಿಂದ ಎಲ್ಲವೂ ರಕ್ಷಿತವೆಂಬ ಭಾವನೆ ಕೆಲವರಲ್ಲಿದೆ. ಅದು ಸರಿಯಲ್ಲ. ಸೂಚ್ಯಂಕ ಕಾಯುವುದು ಊರಿನ ಹೆಸರನ್ನು. ಒಬ್ಬ ತಯಾರಕ ರೂಪಿಸಿದ ಹೊಸ ಆಕಾರವನ್ನಲ್ಲ.

ಸಂದರ್ಶನಕ್ಕೆಂದು ಬಂದ ವಿದ್ಯಾರ್ಥಿ ಹಲವೊಮ್ಮೆ ಹೊಸ ಆಕಾರವೊಂದನ್ನು ಬರೆದುಕೊಟ್ಟು ಹೋಗುತ್ತಾನೆ. ಅದು ಯಾರ ಸ್ವತ್ತು? ಯೋಗ್ಯ ಪ್ರತಿಫಲ ಪಡೆದು ಮತ್ತೊಬ್ಬರಿಗಾಗಿ ವಿನ್ಯಾಸ ಮಾಡಿದಲ್ಲಿ, ಮಾಡಿಸಿದವರೇ ಅದರ ಒಡೆಯರೆಂದು ಕಾಯ್ದೆಯ ಸೆಕ್ಷನ್ 2 ಹೇಳುತ್ತದೆ. ಹಣ ಕೊಡದೆ ಚಹಾ, ಊಟಗಳಲ್ಲಿ ಮುಗಿಸಿದ ಪ್ರಕರಣದಲ್ಲಿ ಒಡೆತನ ಸಾಮಾನ್ಯವಾಗಿ ವಿದ್ಯಾರ್ಥಿಯ ಬಳಿಯೇ ಉಳಿಯುತ್ತದೆ. ಮುಂದೆ ಆತ ಅದನ್ನು ಪ್ರತಿಸ್ಪರ್ಧಿಗೆ ಕೊಟ್ಟರೂ ದೂರುವಂತಿಲ್ಲ. ಸಾಧಾರಣ ಮೊತ್ತವನ್ನಾದರೂ ನೀಡಿ ಹಕ್ಕು ವರ್ಗಾವಣೆಯನ್ನು ಬರಹದಲ್ಲಿ ಪಡೆಯುವುದು ಉಭಯತ್ರರಿಗೂ ನ್ಯಾಯ. ಬಾಯಿಮಾತಿನ ವರ್ಗಾವಣೆಗೆ ಮಾನ್ಯತೆ ಇಲ್ಲ.

ಸಂದರ್ಶನ ಒಂದು ಯೋಜನೆಯಾಗಿ ಬೆಳೆಯುವಂತಿದ್ದರೆ ಸರ್ಕಾರದ ನೆರವನ್ನೂ ವಿಚಾರಿಸಬಹುದು. ಸಣ್ಣ ಘಟಕಗಳನ್ನು ವಿನ್ಯಾಸಕರೊಂದಿಗೆ ಜೋಡಿಸಲು 2010ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಮೂಲಕ ಡಿಸೈನ್ ಕ್ಲಿನಿಕ್ ಯೋಜನೆ ಆರಂಭವಾಗಿತ್ತು. 2022ರಲ್ಲಿ ಜಾರಿಗೆ ಬಂದ ಎಂಎಸ್‌ಎಂಇ ಇನ್ನೋವೇಟಿವ್ ಯೋಜನೆಯ ವಿನ್ಯಾಸ ವಿಭಾಗದಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ಯೋಜನೆಗಳಿಗೂ ಅವಕಾಶ ಕಲ್ಪಿಸಲಾಯಿತು.

ಅಧ್ಯಯನ ಮುಗಿದ ಮೇಲೆ ವರದಿಯ ಪ್ರತಿ ಮಾಲೀಕನ ಕೈ ಸೇರಬೇಕು. ಇದನ್ನು ಮೊದಲ ದಿನವೇ ಕೇಳಿಡುವುದು ಲೇಸು, ಪರೀಕ್ಷೆ ಮುಗಿದ ಬಳಿಕ ವಿದ್ಯಾರ್ಥಿ ಸಿಗುವುದು ಕಷ್ಟ. ವರದಿ ಇಂಗ್ಲಿಷಿನಲ್ಲಿದ್ದರೆ ಲೇತಿನ ಮುಂದೆ ಕುಳಿತು ಉತ್ತರಿಸಿದ ಕೆಲಸಗಾರನಿಗಾಗಿ ಕನ್ನಡದಲ್ಲಿ ಎರಡು ಪುಟದ ಸಾರಾಂಶವನ್ನೂ ಕೇಳಬಹುದು.